ನಾಲಿಗೆ ಅಕ್ಕ

"ಹುಳಿ. ಹಾಕು ಚೀಲಕ್ಕೆ" ಎಂದು ಅಕ್ಕ ಎಲೆಯ ಚೂರನ್ನು ಉಗಿದು ಮುಂದಿನ ಗಿಡಕ್ಕೆ ಬಾಗಿದಳು.

ಗೋದಾಮಿನ ಹಿಂದಿನ ಬಯಲಲ್ಲಿ, ತುಕ್ಕು ಹಿಡಿದ ಹಳಿಗಳ ನಡುವೆ, ಎರಡು ಬಗೆಯ ಕಾಡುಸೊಪ್ಪು ಒಂದರ ಮೈಗೊಂದು ಅಂಟಿಕೊಂಡು ಬೆಳೆದಿದ್ದವು. ಒಂದು ತಿನ್ನುವುದು. ಇನ್ನೊಂದಕ್ಕೆ ಮನೆಯವರಿಟ್ಟ ಹೆಸರು ಸವತಿ. ಎಲೆ, ದಂಟು, ಬಣ್ಣ ಎಲ್ಲವೂ ಅಚ್ಚು ಹೊಡೆದಂತೆ ಒಂದೇ. ಹಲ್ಲಿಗೆ ಕೊಟ್ಟರೆ ಮಾತ್ರ ಗುಟ್ಟು ರಟ್ಟು. ತಿನ್ನುವುದು ಹುಳಿ, ಸವತಿ ಕಹಿ; ಬೇಯಿಸಿದರೆ ಆ ಕಹಿ ಬಹುಪಾಲು ಅಡಗುತ್ತದೆ, ವಿಷ ಅಡಗುವುದಿಲ್ಲ. ಕಡಿದು, ಉಗಿದು, ತೀರ್ಪು ಹೇಳುವ ಕೆಲಸ ಹಿರಿಯ ಸೊಸೆಯದು. ಹಾಗಾಗಿ ಮನೆಯಲ್ಲಿ ಅವಳು ನಾಲಿಗೆ ಅಕ್ಕ. ಬೈಯುವುದಕ್ಕೂ ಅದೇ ನಾಲಿಗೆ ಎಂದು ಅವಳ ಗಂಡ ಮರೆಯಲ್ಲಿ ನಗುತ್ತಿದ್ದ.

ಕಿರಿಯ ಸೊಸೆ ಚೀಲ ಹಿಡಿಯುವವಳು. ಪುಸ್ತಕಗಳಿಗೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸ, ರಜೆ ಸಿಕ್ಕರೆ ಇಲ್ಲಿ. ಇವತ್ತು ಅವಳಿಗೆ ಏನನ್ನಿಸಿತೋ, ಅಕ್ಕ ಈಗಷ್ಟೇ ಪಾಸು ಮಾಡಿದ ಗೊಂಚಲಿನಿಂದ ಒಂದೆಲೆ ಕಿತ್ತು ಕಡಿದಳು.

ಕಹಿ ಗಂಟಲವರೆಗೂ ಇಳಿಯಿತು. ಉಗಿದಳು, ಮತ್ತೆ ಮತ್ತೆ ಉಗಿದಳು. ನಾಲಿಗೆ ಮರಗಟ್ಟಿತು.

"ಅಕ್ಕಾ, ಇದು ಸವತಿ!"

"ನಿಂಗೇನೇ ಗೊತ್ತು? ಕೊಡಿಲ್ಲಿ." ಅಕ್ಕ ಅದೇ ಎಲೆ ಕಡಿದಳು. ಅಗಿದಳು. ಅಗಿಯುತ್ತಲೇ ಇದ್ದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಗೋದಾಮಿನ ತಗಡಿನ ಬಾಗಿಲು ಒಮ್ಮೆ ಬಡಿದು ಸುಮ್ಮನಾಯಿತು. "ಹುಳಿ" ಎನ್ನಲು ಬಾಯಿ ತೆರೆದವಳು ಕಿರಿಯಳ ಕಣ್ಣು ನೋಡಿ ತಡೆದಳು.

"ಯಾವಾಗಿಂದ ಅಕ್ಕ?"

"ಆ ಜ್ವರ ಬಂತಲ್ಲ, ಅದು ಬಿಟ್ಟಾಗಿಂದ. ಉಪ್ಪೂ ಇಲ್ಲ, ಖಾರಾನೂ ಇಲ್ಲ. ಬಾಯಿಗೆ ಬಟ್ಟೆ ತುರುಕಿದ ಹಾಗೆ."

ಕಿರಿಯಳು ಮನಸ್ಸಿನಲ್ಲೇ ದಿನ ಎಣಿಸಿದಳು. ಜ್ವರ ಬಿಟ್ಟ ಮೇಲೆ ಈ ಸೊಪ್ಪು ಎಷ್ಟು ಸಲ ಉಂಡಿಲ್ಲ! ಮೊನ್ನೆ ತನ್ನ ಮಗಳು ಒಂದೇ ಸಮ ವಾಂತಿ ಮಾಡಿಕೊಂಡಾಗ ಎಲ್ಲರೂ ಹಾಲಿನ ಮೇಲೆ ತಪ್ಪು ಹೊರಿಸಿದ್ದರು. ಅಕ್ಕನೂ.

"ಮಗೂಗೆ ಹಾಗಾದಾಗ್ಲೂ ಬಾಯಿ ಬಿಡ್ಲಿಲ್ವಲ್ಲ ನೀನು!"

"ಹಾಲೇ ಇರಬಹುದು ಕಣೇ." ಅಕ್ಕ ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. "ಯಾರಿಗೂ ಹೇಳ್ಬೇಡ. ಇದೊಂದನ್ನೂ ಕಿತ್ಕೊಂಡ್ರೆ ಆ ಮನೇಲಿ ನಾನೇನು? ಮೂಲೇಲಿರೋ ಪೊರಕೆ."

"ಮೊದ್ಲು ಚೆಲ್ಲು. ಪೂರ್ತಿ ಚೆಲ್ಲು."

"ಚೆಲ್ತೀನಿ. ನೀನು ನಡಿ, ಮಗು ಎದ್ದಿರುತ್ತೆ."

ಕಿರಿಯಳು ನಡೆದಳು. ತಿರುಗಿ ನೋಡಿದಾಗ ಅಕ್ಕ ಚೀಲವನ್ನು ಎದೆಗವುಚಿಕೊಂಡು ನಿಂತೇ ಇದ್ದಳು.

ಊಟದ ಹೊತ್ತಿಗೆ ಮೇಜಿನ ನಡುವೆ ಮುಚ್ಚಿದ ಪಾತ್ರೆ ಇತ್ತು. ಮುಚ್ಚಳ ತೆಗೆದರೆ ಬೆಂದ ಸೊಪ್ಪು. ಕಿರಿಯಳ ನಾಲಿಗೆ ಇನ್ನೂ ಮರದ ತುಂಡು. ರುಚಿ ನೋಡಿ ಹೇಳುವಂತೆಯೂ ಇರಲಿಲ್ಲ.

"ಬೇರೆ ಕಿತ್ತು ತಂದೆ" ಎಂದಳು ಅಕ್ಕ, ಯಾರೂ ಕೇಳದೆಯೇ. "ಒಂದೊಂದೂ ಕಡಿದು ನೋಡಿದ್ದೀನಿ."

"ನಿಮ್ಮ ನಾಲಿಗೆ ಅಕ್ಕ ಪಾಸು ಮಾಡಿದ್ಮೇಲೆ ಮುಗೀತಲ್ಲ! ಬಡಿಸು, ಬಡಿಸು" ಎಂದು ಭಾವ ತಟ್ಟೆ ಚಾಚಿದ.

ಅಕ್ಕ ಮೊದಲ ಸೌಟನ್ನು ಮಗುವಿನ ಕಡೆಗೆ ತಂದಳು. ಕಣ್ಣು ಕಿರಿಯಳ ಮೇಲೆಯೇ ನೆಟ್ಟು ಬೇಡುತ್ತಿತ್ತು. "ನನ್ನ ಚಿನ್ನಕ್ಕೆ ಮೊದಲು. ಒಂದೇ ಒಂದು ತುತ್ತು."

ಕಿರಿಯಳು ಮಗಳ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು. ಸೌಟಿನಿಂದ ಬಿಸಿ ಹನಿಯೊಂದು ಕೈಮೇಲೆ ಬಿತ್ತು, ಅವಳು ಕೈ ತೆಗೆಯಲಿಲ್ಲ.

"ಬೇಡ" ಎಂದಳು. "ಅವಳಿಗೂ ಬೇಡ, ನನಗೂ ಬೇಡ. ಭಾವ, ನೀವೂ ತಟ್ಟೆ ಇಳಿಸಿ."