ಅಧ್ಯಕ್ಷರ ಆಮೆನ್

“ಒಂಬತ್ತನೇ ಕ್ಲಾಸಲ್ಲೇ ಪುಸ್ತಕ ಬಿಸಾಕಿ ಪಂಕ್ಚರ್ ಅಂಗಡಿ ಸೇರ್ದೋನು ನೀನು! ನಮಗೆ ಕಾಲೇಜು ನಡೆಸೋದು ಹೇಳ್ಕೊಡ್ತೀಯೇನೋ? ಬಾಯ್ಮುಚ್ಕೊಂಡು ಕೂತ್ಕೋ!”

ಹೀಗೆಂದವರು ನನ್ನ ಚಿಕ್ಕಪ್ಪ. ಪಾದ್ರಿಗಳನ್ನು ತಯಾರು ಮಾಡುವ ನಮ್ಮ ಥಿಯಾಲಜಿ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು. ಇಡೀ ಮಂಡಳಿ ಕಿಸಕ್ಕೆಂದಿತು. ನನಗೆ ಮೈಯೆಲ್ಲ ಉರಿದುಹೋಯಿತು. ಮಂಡಳಿಯಲ್ಲಿ ಯುವಕನೊಬ್ಬ ಇರಲೇಬೇಕೆಂಬ ನಿಯಮಕ್ಕೆ ಬೇರೆ ಯಾರೂ ಸಿಗದೆ, ಅಂಗಡಿಯಿಂದ ನನ್ನನ್ನು ಎಳೆದು ತಂದು ಕೂರಿಸಿದ್ದೂ ಇದೇ ಮಹಾನುಭಾವರು!

ನಾನು ಕೇಳಿದ್ದಿಷ್ಟೇ: ಇನ್ನೊಂದು ವರ್ಷ ನಡೆಸಿ. ವಿದ್ಯಾರ್ಥಿಗಳು ಕರಗಿ ಕರಗಿ ನಾಲ್ವರಾಗಿದ್ದರು, ನಿಜ. ಹಾಸ್ಟೆಲಿನಲ್ಲಿ ಅವರಿಗಿಂತ ಪಾರಿವಾಳಗಳೇ ಹೆಚ್ಚು, ಅದೂ ನಿಜ. ಆದರೆ ಆ ನಾಲ್ವರಲ್ಲಿ ನನ್ನ ಅಕ್ಕ ಒಬ್ಬಳು, ಕೊನೆಯ ವರ್ಷದವಳು. ಈಗ ಮುಚ್ಚಿದರೆ ಅವಳು ಪಾದ್ರಿಯಾಗುವುದು ಕನಸಿನ ಮಾತು. ಮಂಡಳಿಯ ಉಳಿದವರೆಲ್ಲ ಮುಚ್ಚುವುದೆಂದು ಒಳಗೊಳಗೇ ಮಾತಾಡಿಕೊಂಡು ಬಂದಿದ್ದರು.

ನಮ್ಮ ಮಂಡಳಿಯಲ್ಲಿ ಕೈ ಎತ್ತುವ ಪದ್ಧತಿಯಿಲ್ಲ. ಅಧ್ಯಕ್ಷರು ಠರಾವನ್ನು ಪ್ರಾರ್ಥನೆಯಾಗಿ ಹೇಳಬೇಕು, ಒಪ್ಪಿದವರು ‘ಆಮೆನ್’ ಅನ್ನಬೇಕು. ಆಮೆನ್ ಬಿತ್ತೋ, ಮುಗಿಯಿತು. ಮುಂದಿನ ವರ್ಷದ ಸಭೆಯವರೆಗೆ ಯಾರಪ್ಪನಿಂದಲೂ ತಿದ್ದಲಾಗದು.

ಎಲ್ಲರೂ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ, ಸಿಟ್ಟಿಗೆ. ಪ್ರಾರ್ಥನೆಗೆ ನಿಂತರೆ ಚಿಕ್ಕಪ್ಪನನ್ನು ಹಿಡಿಯುವವರಿಲ್ಲ. ಆಕಾಶ, ಭೂಮಿ, ಕಡಲು, ಸೋರುವ ತಾರಸಿ ಎಲ್ಲವನ್ನೂ ಒಂದು ಸುತ್ತು ಹಾಕಿ, ಸ್ವರ ಏರಿಸಿ, ಆನಂದದಲ್ಲಿ ತೇಲುತ್ತ, ವರ್ಷಾನುಗಟ್ಟಲೆ ಪ್ರತಿ ಭಾನುವಾರ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡಿದ್ದ ಸಾಲನ್ನೇ ಹೇಳಿಬಿಟ್ಟರು: “ಕರ್ತನೇ, ಈ ಕಾಲೇಜಿನ ಬಾಗಿಲು ಸದಾ ತೆರೆದೇ ಇರಲಿ!”

“ಆಮೆನ್!”

ಕಿಟಕಿ ಗಾಜು ಅದುರಿತು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಚಿಕ್ಕಪ್ಪನೇ. ನಾನಂತೂ ಮೇಜು ಗುದ್ದಿಯೇ ಅಂದೆ.

“ಅವಿರೋಧ,” ಎಂದು ಬರೆದುಕೊಂಡರು ಕಾರ್ಯದರ್ಶಿ ಅಜ್ಜಿ.

“ಅಯ್ಯಯ್ಯೋ, ಬರೀಬೇಡಿ ಅಜ್ಜಿ! ನಾನು ಮುಚ್ಚಲಿ ಅಂದೆ!”

“ನೀನು ತೆರೆದಿರಲಿ ಅಂದೆ ಕಣಪ್ಪಾ. ಹಲ್ಲು ಹೋಗಿದೆ ನಂಗೆ, ಕಿವಿ ಹೋಗಿಲ್ಲ.”

ಖಜಾಂಚಿ ಮೇಜಿಗೆ ಹಣೆ ಹಚ್ಚಿ ನಗತೊಡಗಿದರು. ಬಿಷಪ್ಪರ ಮೂಗಿನಿಂದ ಚಹಾ ಚಿಮ್ಮಿತು. ಆಮೇಲೆ ನಗು ಯಾರ ಹಿಡಿತದಲ್ಲೂ ಉಳಿಯಲಿಲ್ಲ. ಅಜ್ಜಿಯ ಕುರ್ಚಿಯೂ ಕಿರ್ ಕಿರ್ ಎಂದು ಕುಣಿಯಿತು.

ಚಿಕ್ಕಪ್ಪ ಬೆವರೊರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು. ದನಿ ಬೆಣ್ಣೆಯಾಗಿತ್ತು.

“ನೀನು ಕಣ್ಣು ಬಿಟ್ಕೊಂಡೇ ಇದ್ಯಲ್ಲ, ಬಂಗಾರ. ನೀನಾದ್ರೂ ಹೇಳು ಇವ್ರಿಗೆ. ನಾನು ಮುಚ್ಚಲಿ ಅಂದೆ ತಾನೇ?”

ಬಾಯಿಗೆ ಬಂದ ನಗುವನ್ನೂ ಬೈಗುಳವನ್ನೂ ಒಟ್ಟಿಗೇ ನುಂಗಿ, ಕುರ್ಚಿ ಹಿಂದಕ್ಕೆ ತಳ್ಳಿ, ಅಕ್ಕನ ಹಾಸ್ಟೆಲಿನ ಕಡೆ ನಡೆದುಬಿಟ್ಟೆ.