ಹನ್ನೆರಡನೆಯ ಗೂಡು

ದುರ್ಬೀನು ಹಿಡಿದು ಬರುವವರನ್ನು ನಾನು ನಂಬುವುದಿಲ್ಲ. ಬೇಸಿಗೆ ರಜೆಗೆ ನಮ್ಮ ದ್ವೀಪಕ್ಕೆ ಬರುವವರು ಈಜುತ್ತಾರೆ, ಊಜೊ ಸಾರಾಯಿ ಕುಡಿಯುತ್ತಾರೆ, ಬೆನ್ನು ಸುಟ್ಟುಕೊಂಡು ಹಡಗು ಹತ್ತುತ್ತಾರೆ. ಅಥೆನ್ಸಿನ ಶಾಲಾ ಮೇಷ್ಟ್ರು ಆರ್ಗಿರಿಸ್ ಮಾತ್ರ ಇಡೀ ಆಗಸ್ಟ್ ನನ್ನ ದೋಣಿಯಲ್ಲಿ ಕೂತು ಕಡಿದಾದ ಬಂಡೆಗಳನ್ನೇ ನೋಡಿದ. ಕರಿ ಡೇಗೆ ಹಕ್ಕಿಗಳ ಗೂಡು ಎಣಿಸುತ್ತೇನೆ ಅಂದ.

ಬರೀ ನೋಡಿದ್ದರೆ ನನಗೇನು? ದೋಣಿ ನಿಲ್ಲಿಸಿದಾಗಲೆಲ್ಲ ಅವನು ಕತ್ತು ತಿರುಗಿಸಿ ಊರಿನ ದಡ ನೋಡಿ, ಪುಸ್ತಕದಲ್ಲಿ ಏನೋ ಗೀಚುತ್ತಿದ್ದ.

ದಡ ನೋಡುವುದು ಅಂದರೇನು ಅಂತ ಇಲ್ಲಿನ ಯಾವ ಬೆಸ್ತನನ್ನಾದರೂ ಕೇಳಿ. ದಡದ ಎರಡು ಗುರುತುಗಳು ಒಂದೇ ಗೆರೆಗೆ ಬರುವ ಜಾಗದಲ್ಲಿ, ನೀರಿನ ಕೆಳಗೆ ಮೀನಿನ ಪೊಟರೆ ಇರುತ್ತದೆ. ಅಪ್ಪ ಸಾಯುವ ವಾರ ನನ್ನ ಕಿವಿಯಲ್ಲಿ ಅಂಥದ್ದೊಂದನ್ನು ಹೇಳಿದ್ದ. ನನ್ನ ಮನೆಯ ಚಳಿಗಾಲ ಕಳೆಯುವುದು ಆ ಪೊಟರೆಯಿಂದ. ಹೆಂಡತಿ ಸ್ತಾಮಾತಾಗೂ ಅದನ್ನು ಹೇಳಿಲ್ಲ. ಈ ಮೇಷ್ಟ್ರು ಮೂರು ದಿನ ಸರಿಯಾಗಿ ಅದರ ಮೇಲೇ ದೋಣಿ ನಿಲ್ಲಿಸಲು ಹೇಳಿದ.

ಸಂಜೆ ನೋಡಿದರೆ ಕಾಫಿ ಅಂಗಡಿಯಲ್ಲಿ ಫೋಟಿಸ್ ಜೊತೆ ನಗುತ್ತಿದ್ದಾನೆ. ಫೋಟಿಸ್ ಹತ್ತು ವರ್ಷದಿಂದ ನನ್ನ ದೋಣಿಯ ಹಿಂದೆ ಮೂಸುತ್ತಾ ಬರುವವನು.

"ಅವನ್ಯಾವ ಹಕ್ಕಿ ನೋಡ್ತಾನೆ! ಫೋಟಿಸ್ ಕಳಿಸಿರೋ ಗೂಢಚಾರ," ಅಂದೆ ಮನೆಯಲ್ಲಿ.

"ಪಾಪದ ಮನುಷ್ಯ ಕಣ್ರೀ. ನೀವು ಬೆಕ್ಕು ಆಕಳಿಸಿದ್ರೂ ಅನುಮಾನ ಪಡ್ತೀರಿ," ಅಂದಳು ಸ್ತಾಮಾತಾ.

ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ಸೆಕೆ ತಾಳದೆ ಮೇಷ್ಟ್ರು ನೀರಿಗಿಳಿದ. ನಾನು ಪುಸ್ತಕ ತೆಗೆದೆ. ಕೊನೆಯ ಪುಟದಲ್ಲಿ ಹೀಗಿತ್ತು: "ಹನ್ನೆರಡು. ಇಗರ್ಜಿಯ ಗಂಟೆಗೋಪುರ ಕರಿಬಂಡೆಯ ತುದಿಗೆ ಸರಿಯಾಗಿ. ಮೂರು ಇವೆ, ದಪ್ಪಗಿವೆ."

ನನ್ನಪ್ಪ ಹೇಳಿದ ಗುರುತು! ಮೀನಿನ ಲೆಕ್ಕ ಬೇರೆ! ಪುಸ್ತಕವನ್ನು ಎತ್ತಿ ಸಮುದ್ರಕ್ಕೆ ಎಸೆದೆ. ಎರಡು ಸಲ ತೇಲಿ ಮುಳುಗಿತು.

"ಅಯ್ಯೋ, ಏನ್ ಮಾಡ್ಬಿಟ್ರಿ ಕ್ಯಾಪ್ಟನ್!" ಮೇಷ್ಟ್ರು ನೀರಲ್ಲೇ ಕಿರುಚಿದ.

"ಮೂರು ಏನ್ರೀ? ದಪ್ಪ ಏನ್ರೀ? ಫೋಟಿಸ್ ಎಷ್ಟು ಕೊಡ್ತೀನಿ ಅಂದ?"

ಅವನು ದೋಣಿ ಹತ್ತಿ, ದುರ್ಬೀನನ್ನು ನನ್ನ ಕೈಗಿಟ್ಟು ಮೇಲೆ ತೋರಿಸಿದ. ಬಂಡೆಯ ಸಂದಿಯಲ್ಲಿ ಬಿಳಿ ಹತ್ತಿಯುಂಡೆಯಂಥ ಮೂರು ಮರಿ. ದಪ್ಪಗೇ ಇದ್ದವು.

"ಆರು ಬೇಸಿಗೆಯ ಕೆಲಸ, ಬೇರೆ ಬೇರೆ ದ್ವೀಪದ್ದು," ಅಂದ. ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

"ಹಳೇದು ನಂಗೊತ್ತಿಲ್ಲ ಮೇಷ್ಟ್ರೇ. ಈ ಸಲ ನಿಲ್ಲಿಸಿದ ಜಾಗ ಎಲ್ಲಾ ಗೊತ್ತು. ಬರ್ಕೊಳ್ಳಿ."

ರೊಟ್ಟಿ ಸುತ್ತಿದ್ದ ಕಾಗದ ಬಿಡಿಸಿ ಅವನು ಬರೆದ. ಹನ್ನೊಂದು ಗೂಡಿನ ಗುರುತನ್ನೂ ತಪ್ಪಿಲ್ಲದೆ ಹೇಳಿದೆ. ಹನ್ನೆರಡನೆಯದಕ್ಕೆ ನಾಲಿಗೆ ತಡವರಿಸಿತು.

"ಗಾಳಿಗಿರಣಿ, ಅಂಜೂರದ ಮರಕ್ಕೆ ಸರಿಯಾಗಿ."

ಮೇಷ್ಟ್ರು ಪೆನ್ಸಿಲ್ ನಿಲ್ಲಿಸಿ ದಡ ನೋಡಿದ. "ಗಾಳಿಗಿರಣಿ ಇಲ್ಲಿಂದ ಕಾಣೋದೇ ಇಲ್ವಲ್ಲ, ಕ್ಯಾಪ್ಟನ್?"

ನಾನು ಎಂಜಿನ್ ಒರೆಸತೊಡಗಿದೆ. ಅವನು ನೀರಿನೊಳಗೆ ಇಣುಕಿದ, ನನ್ನ ಮುಖ ನೋಡಿದ, ನಿಧಾನವಾಗಿ ನಕ್ಕ. ಇಷ್ಟು ಹೊತ್ತು ಏನೂ ಗೊತ್ತಿಲ್ಲದವನಿಗೆ ನಾನೇ ಬಾಯಿಬಿಟ್ಟು ಪೊಟರೆ ತೋರಿಸಿದ್ದೆ.

"ಗಾಳಿಗಿರಣಿ ಅಂತಲೇ ಬರೀತೀನಿ ಬಿಡಿ," ಅಂದ. "ದೊಡ್ಡವೇ ಇರ್ತಾವೇನೋ ಮೀನು?"

"ಯಾವ ಮೀನು?" ಅಂದೆ.

ಅವನ ಹಡಗಿಗೆ ಇನ್ನೂ ನಾಲ್ಕು ದಿನವಿತ್ತು. ನಾಲ್ಕು ಸಂಜೆಯೂ ಕಾಫಿ ಅಂಗಡಿಯಲ್ಲಿ ಅವನಿಗೂ ಫೋಟಿಸ್‌ಗೂ ನಡುವೆ ಕುರ್ಚಿ ಹಾಕಿಕೊಂಡು ನಾನೇ ಕೂತೆ. ನನಗೆ ಕಾಫಿ ಸೇರುವುದಿಲ್ಲ.