ದೀಪದವನ ಕೆಮ್ಮು

“ಆ ಕೆಮ್ಮಿನ ಮೂಟೆ ಬಿಚ್ಚಮ್ಮ ಇವತ್ತು,” ಎಂದರು ಯಜಮಾನರು, ಎದುರಿಗಿದ್ದ ಹಾಳೆಯ ಮೇಲೆ ಬೆರಳಿಟ್ಟು. “ನಾಲ್ಕು ವರ್ಷದಿಂದ ನಿನ್ನ ಪಟ್ಟೀಲಿ ಕೆಮ್ಮು ಅಂತ ಒಂದೇ ಒಂದು ಸಾಲು. ಹೊರಗೆ ನೋಡಿದ್ರೆ ಆಡೋರೆಲ್ಲ ಅದನ್ನೇ ಆಡ್ಕೊಳ್ತಿದಾರೆ. ನಿಜವಾಗ್ಲೂ ಎಷ್ಟಿವೆ ಒಳಗೆ?”

“ನೋಡ್ತೀನಿ ಸರ್,” ಎಂದಳು ಅವಳು. ಎಷ್ಟಿವೆ ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಆರುನೂರ ಹನ್ನೆರಡು.

ಆಫೀಸಿನಲ್ಲಿ ಅವಳಿಗೆ ‘ದೂರುಪೆಟ್ಟಿಗೆ’ ಎಂದೇ ಹೆಸರು. ಅಲ್ಲಿ ತಯಾರಾಗುವುದು ಕಂಪ್ಯೂಟರಿನಲ್ಲಿ ಆಡುವ ಒಂದು ಯುದ್ಧದಾಟ, ‘ಒಂಬತ್ತು ಕಣಿವೆ’. ಕೋಟೆ ಕಟ್ಟಬೇಕು, ಕುಳ್ಳರನ್ನು ಗಣಿಗೆ ಇಳಿಸಬೇಕು, ಮಾಟಗಾತಿಯರನ್ನು ಸಾಕಬೇಕು. ಇದನ್ನೆಲ್ಲ ಮಾಡುವಷ್ಟರಲ್ಲಿ ಎದುರಾಳಿಯೂ ಸುಮ್ಮನೆ ಕೂತಿರುವುದಿಲ್ಲ. ನಿನ್ನ ಸರದಿ, ನನ್ನ ಸರದಿ ಎಂಬುದಿಲ್ಲ. ಯಾರು ಚುರುಕೋ ಅವರದೇ ರಾಜ್ಯ. ಆಡಿದವರು ಬರೆದು ಕಳಿಸುವ ಅಭಿಪ್ರಾಯಗಳನ್ನು ಓದಿ, ವಿಂಗಡಿಸಿ, ಪ್ರತಿ ಬುಧವಾರ ಯಜಮಾನರ ಮುಂದೆ ಪಟ್ಟಿ ಇಡುವುದು ಅವಳ ಕೆಲಸ.

ಗೆದ್ದವರು ಬರೆಯುವುದು ಕಡಿಮೆ. ಸೋತವರದ್ದೇ ಸಂತೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಅಂಥವರಿಂದಲೇ ಅವಳ ಸಂಬಳ ನಡೆಯುತ್ತಿತ್ತು. “ಡ್ರ್ಯಾಗನ್‌ಗೆ ಅಷ್ಟುದ್ದ ರೆಕ್ಕೆ ಇಟ್ಟಿದೀರಿ, ಅದು ಸೇತುವೆ ಮೇಲೆ ನಡ್ಕೊಂಡು ಹೋಗ್ತಿದೆ. ಹರಕೆ ಏನಾದ್ರೂ ಇದೆಯಾ?” ಎಂದು ಒಬ್ಬ. “ಮಾಟಗಾತಿ ಶಾಪ ತಗಲೋಕೆ ಒಂದು ನಿಮಿಷ ಬೇಕು. ನಮ್ಮಜ್ಜಿ ಶಾಪ ಇದಕ್ಕಿಂತ ಬೇಗ ತಗಲುತ್ತೆ,” ಎಂದು ಇನ್ನೊಬ್ಬಳು. ಒಂದೇ ದೂರು ಹತ್ತು ಸಲ ಬಂದರೆ ಅದನ್ನು ಮೂಟೆ ಕಟ್ಟುವುದು ಅವಳೇ ಹುಡುಕಿದ ಉಪಾಯ. ಒಂದು ಪದ ಕೊಟ್ಟರೆ ಸಾಕು, ಆಮೇಲೆ ಆ ಪದವಿರುವ ಅಭಿಪ್ರಾಯಗಳೆಲ್ಲ ಯಾರ ಕಣ್ಣಿಗೂ ಬೀಳದೆ ನೇರ ಮೂಟೆಗೆ ಹೋಗುತ್ತವೆ. ಪಟ್ಟಿಯಲ್ಲಿ ಮೂಟೆಗೊಂದೇ ಸಾಲು. ಈ ಉಪಾಯಕ್ಕೆ ಯಜಮಾನರು ಎಲ್ಲರೆದುರು ಅವಳ ಬೆನ್ನು ತಟ್ಟಿದ್ದರು.

ಕೆಮ್ಮು ದೀಪದವನದು. ಆಟದ ನಕ್ಷೆಯ ತುಂಬ ಮಂಜು ಕವಿದಿರುತ್ತದೆ; ಎಲ್ಲರಿಗಿಂತ ಮೊದಲು ಕಂದೀಲು ಹಿಡಿದು ಅದರೊಳಗೆ ಹೋಗುವವನು ದೀಪದವನು. ಕೈಯಲ್ಲಿ ಆಯುಧವಿಲ್ಲ. ಅವನ ಮೇಲೆ ಒತ್ತಿದರೆ “ಹೊರಟೆ, ಧಣಿ” ಎನ್ನುತ್ತಾನೆ, ಎರಡು ಸಲ ಕೆಮ್ಮುತ್ತಾನೆ, ಹೋಗುತ್ತಾನೆ. ಆಟವೊಂದಕ್ಕೆ ನೂರು ಸಲವಾದರೂ ಅವನನ್ನು ಒತ್ತಬೇಕಾಗುವುದರಿಂದ ಆಡುವವರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಆ ದನಿ ಅವಳ ಗಂಡನದು.

ಅವನು ಅಲ್ಲೇ ಸೌಂಡಿನ ಕೆಲಸದಲ್ಲಿದ್ದ. ಕತ್ತಿಯ ಸದ್ದಿಗೆ ಅಡುಗೆಮನೆಯ ಸೌಟುಗಳನ್ನು ಹೊತ್ತೊಯ್ದು, ವಾಪಸ್ ತರುವಾಗ ಒಂದನ್ನಾದರೂ ಮರೆಯುತ್ತಿದ್ದ ಗಂಡ. ನಟರು ಸಿಗುವ ತನಕ ಕೆಲಸ ನಿಲ್ಲಬಾರದೆಂದು ಆಫೀಸಿನವರೇ ದನಿ ಕೊಟ್ಟು ಆ ಕಡತಕ್ಕೆ ‘ಸದ್ಯಕ್ಕೆ’ ಎಂದು ಹೆಸರಿಡುವುದು ಅಲ್ಲಿನ ರೂಢಿ. ದೀಪದವನದೂ ಸದ್ಯಕ್ಕೆ ಎಂದೇ ಆದದ್ದು. ಅವತ್ತು ಸಹಾಯಕ್ಕೆ ಯಾರೂ ಇರಲಿಲ್ಲವೆಂದು ರೆಕಾರ್ಡಿಂಗ್ ಕೋಣೆಯ ಗಾಜಿನ ಈಚೆ ಗುಂಡಿ ಒತ್ತಲು ಅವಳೇ ಕೂತಿದ್ದಳು. ಅವನು “ಹೊರಟೆ, ಧಣಿ” ಎಂದು ಕೆಮ್ಮಿ, “ಇನ್ನೊಂದ್ಸಲ ತಗೊಳ್ಳೋಣ,” ಎಂದ.

“ಬೇಡ, ಕೆಮ್ಮು ಚೆನ್ನಾಗಿದೆ, ಇರ್ಲಿ,” ಎಂದಿದ್ದಳು ಅವಳು. “ಮಂಜಲ್ಲಿ ತಿರುಗೋನು ಕೆಮ್ಮದೇ ಇನ್ನೇನು ಹಾಡ್ತಾನಾ?”

ಇಬ್ಬರೂ ನಕ್ಕಿದ್ದರು. ಆ ನಗು ನೆನಪಾದಾಗಲೆಲ್ಲ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಪರೀಕ್ಷೆಗೆಂದು ಆಟವನ್ನು ಮೊದಲು ಜನರ ಕೈಗೆ ಕೊಟ್ಟ ಎರಡನೇ ವಾರಕ್ಕೇ ಕೆಮ್ಮಿನ ಮೇಲೆ ಬೈಗುಳ ಶುರುವಾಯಿತು. ಹತ್ತಾಗುವುದನ್ನೂ ಕಾಯದೆ ಅವಳು ಮೂಟೆ ಕಟ್ಟಿದಳು. ಊರವರು ತನ್ನ ಗಂಡನನ್ನು ಬೈಯುವುದನ್ನು ಅವಳೇಕೆ ಓದಬೇಕು? ಅವನನ್ನು ಬೈಯುವ ಹಕ್ಕು ತನ್ನೊಬ್ಬಳದು ಎಂದುಕೊಂಡವಳು ಅವಳು.

ಅವನು ತೀರಿಹೋಗಿ ಎರಡು ವರ್ಷದ ಮೇಲಾಗಿತ್ತು. ಆದರೂ ಆಫೀಸಿನಲ್ಲಿ ಹನ್ನೊಂದು ಮೇಜುಗಳಲ್ಲಿ ಹಗಲಿಡೀ ಆಟ ನಡೆಯುತ್ತಲೇ ಇತ್ತು. ಒಮ್ಮೆ ಕಿಟಕಿಯ ಕಡೆಯಿಂದ, ಒಮ್ಮೆ ಬೆನ್ನ ಹಿಂದಿನಿಂದ, ಒಮ್ಮೆ ಮೆಟ್ಟಿಲ ಬಳಿಯಿಂದ ಅವನು “ಹೊರಟೆ, ಧಣಿ” ಎನ್ನುತ್ತಿದ್ದ, ಕೆಮ್ಮುತ್ತಿದ್ದ. ಹೊಸಬರಿಗೆ ಅದು ಯಾರ ದನಿಯೆಂದೇ ಗೊತ್ತಿರಲಿಲ್ಲ. ಹಳಬರು ಅವಳು ಹತ್ತಿರ ಬಂದರೆ ಸದ್ದು ತಗ್ಗಿಸುತ್ತಿದ್ದರು. ತಗ್ಗಿಸಬೇಡಿ ಎಂದು ಕೇಳಿಕೊಳ್ಳಲು ಅವಳಿಗೆ ನಾಚಿಕೆ. ಕೆಲವು ದಿನ ಅವನ ದನಿ ಕೇಳಿದರೆ ಜೀವ ಬರುತ್ತಿತ್ತು, ಕೆಲವು ದಿನ ಎದ್ದು ಓಡಿಹೋಗಬೇಕು ಎನ್ನಿಸುತ್ತಿತ್ತು. ಯಾವ ದಿನ ಹೇಗೆಂದು ಅವಳಿಗೂ ತಿಳಿಯುತ್ತಿರಲಿಲ್ಲ.

“ಹೊಸ ಆವೃತ್ತಿಗೆ ಎಲ್ಲಾ ದನೀನೂ ನಟರಿಂದ ಮಾಡಿಸೋಣ ಅಂತಿದೀವಿ,” ಎಂದರು ಯಜಮಾನರು ಮೆಲ್ಲಗೆ. “ನನಗೂ ಗೊತ್ತಮ್ಮ ಅದು ಯಾರ ದನಿ ಅಂತ. ಅದಕ್ಕೇ ನಿನ್ನನ್ನೇ ಕೇಳ್ತಿರೋದು. ಪೂರ್ತಿ ಓದಿ ಶುಕ್ರವಾರ ನೀನೇ ಹೇಳು. ನೀನು ಹೇಳಿದ್ದೇ ಆಗ್ಲಿ.”

ಸಂಜೆ ಮನೆಗೆ ಬಂದಾಗ ಅತ್ತೆ ಹಳೆಯ ಕಂಪ್ಯೂಟರಿನ ಮುಂದೆ ಕೂತಿದ್ದರು. ಮಗ ಹೋದ ಮೇಲೆ ಕಲಿತ ವಿದ್ಯೆ ಅದು. ಆಟವೇನೂ ಬಾರದು, ಕೋಟೆ ಹಾಳಾದರೂ, ಸೈನ್ಯ ಉಪವಾಸ ಬಿದ್ದರೂ ಅವರಿಗೆ ಲೆಕ್ಕವಿಲ್ಲ. ದೀಪದವನ ಮೇಲೆ ಒತ್ತುವುದು, ಕೇಳುವುದು, ಮತ್ತೆ ಒತ್ತುವುದು. ಟೀ ಕುಡಿಯುವಷ್ಟು ಹೊತ್ತು, ಅಷ್ಟೇ.

“ಆ ದನಿ ತೆಗೀಬೇಕು ಅಂತಿದಾರೆ ಅತ್ತೆ,” ಎಂದಳು ಚಪ್ಪಲಿ ಬಿಡುತ್ತಲೇ.

ಅತ್ತೆಯ ಕೈ ಮೌಸಿನ ಮೇಲೇ ನಿಂತಿತು. “ಯಾರಿಗೆ ಏನು ತೊಂದ್ರೆ ಮಾಡ್ತು ಅದು?”

“ಕೆಮ್ಮು ಕಿರಿಕಿರಿಯಂತೆ.”

“ಮನುಷ್ಯ ಅಂದ್ಮೇಲೆ ಕೆಮ್ಮಲ್ವಾ? ಇವರೆಲ್ಲ ಕೆಮ್ಮೇ ಬರದಿರೋ ಮಹಾರಾಜರಾ?” ಎಂದರು ಅತ್ತೆ. ಅವಳ ಕಡೆ ತಿರುಗಿ, “ನೀನು ಇದೀಯಲ್ಲ ಅಲ್ಲಿ. ಹೇಗಾದ್ರೂ ಮಾಡಿ ಉಳಿಸೇ. ನನಗೆ ಬೇರೇನೂ ಬೇಡ,” ಎಂದರು.

ಉಳಿಸಬೇಕೆಂದೇ ಅವಳು ಮರುದಿನ ಬೆಳಿಗ್ಗೆ ಮೂಟೆ ಬಿಚ್ಚಿದಳು. ಹೊಗಳಿದವರೂ ಒಂದಿಷ್ಟು ಜನ ಇರಲೇಬೇಕು, ಅವರನ್ನು ಆರಿಸಿ ಮುಂದಿಟ್ಟರಾಯಿತು ಎಂಬ ಲೆಕ್ಕಾಚಾರ. ಇದ್ದರು ಕೂಡ. “ಈ ಆಟದಲ್ಲಿ ಮನುಷ್ಯ ಅನ್ನಿಸೋನು ಇವನೊಬ್ಬನೇ,” ಎಂದು ಒಬ್ಬರು ಬರೆದಿದ್ದರು. “ಕೆಮ್ಮು ಕೇಳಿದ್ರೆ ದೀಪದವನು ಇನ್ನೂ ಬದುಕಿದಾನೆ ಅಂತ ಸಮಾಧಾನ,” ಎಂದು ಇನ್ನೊಬ್ಬರು. ಇದನ್ನು ಓದಿ ಅವಳು ಎದ್ದು ಹೋಗಿ ನೀರು ಕುಡಿದು ಬಂದಳು. ಉಳಿದವೆಲ್ಲ ಬೈಗುಳವೇ: ಕ್ಷಯದವನನ್ನು ಯಾಕೆ ಕೆಲಸಕ್ಕಿಟ್ಟುಕೊಂಡಿದ್ದೀರಿ, ಅವನಿಗೊಂದು ಶುಂಠಿ ಕೊಡಿ, ಹೀಗೆ. ಹೊಸದರಿಂದ ಹಳೆಯದಕ್ಕೆ ಓದುತ್ತಾ ಹೋದಳು. ಮಧ್ಯಾಹ್ನದ ಹೊತ್ತಿಗೆ ಮೂಟೆಯ ತಳ ಬಂತು.

ತಳದಿಂದ ಮೂರನೆಯದನ್ನು ‘ಗೂಬೆಮರಿ’ ಎಂಬ ಹೆಸರಿಟ್ಟುಕೊಂಡ ಯಾರೋ ಬರೆದಿದ್ದರು.

“ಆಟ ಚೆನ್ನಾಗಿದೆ. ನಾನು ಎದೆರೋಗದ ವಾರ್ಡಿನಲ್ಲಿ ನರ್ಸ್. ದೀಪದವನ ಕೆಮ್ಮು ನಟನೆ ಅಂತ ನನಗೆ ಅನ್ನಿಸ್ತಿಲ್ಲ. ಎರಡನೇ ಸಲ ಕೆಮ್ಮಿ ಉಸಿರು ಎಳ್ಕೊಳ್ಳುವಾಗ ಸಣ್ಣದೊಂದು ಸಿಳ್ಳೆ ಬರುತ್ತೆ. ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಇಂಥದ್ದನ್ನ ನಾನು ದಿನಾ ಕೇಳ್ತೀನಿ. ದನಿ ಕೊಟ್ಟವರಿಗೆ ದಯವಿಟ್ಟು ಒಂದು ಎಕ್ಸ್‌ರೇ ತೆಗೆಸಿಕೊಳ್ಳೋಕೆ ಹೇಳಿ. ನನ್ನದು ತಪ್ಪಾಗಿದ್ದರೆ ಕ್ಷಮಿಸಿ.”

ತಾರೀಕು ನೋಡಿದಳು. ಅವಳು ಮೂಟೆ ಕಟ್ಟಿದ ಮರುದಿನ. ಆ ದಿನ ಅವನು ನಾಲ್ಕು ಮೇಜು ಆಚೆ ಕೂತು ಸೌಟು ಬಡಿಯುತ್ತಿದ್ದ. ಅವನು ಮೊದಲ ಎಕ್ಸ್‌ರೇ ತೆಗೆಸಿದ್ದು ಅಲ್ಲಿಂದ ಹದಿಮೂರು ತಿಂಗಳಿಗೆ, ಮೆಟ್ಟಿಲು ಹತ್ತಲಾರದೆ ಕೂತ ಮೇಲೆ. “ವರ್ಷದ ಹಿಂದೆ ಬಂದಿದ್ರೆ ಏನಾದ್ರೂ ನೋಡಬಹುದಿತ್ತು,” ಎಂದಿದ್ದರು ಡಾಕ್ಟರು. ಆಗ ಅವಳು, ವರ್ಷದ ಹಿಂದೆ ಯಾರಿಗೆ ತಾನೇ ಗೊತ್ತಿತ್ತು ಎಂದು ತನ್ನನ್ನು ಸಮಾಧಾನ ಮಾಡಿಕೊಂಡಿದ್ದಳು. ಎರಡು ವರ್ಷ ಆ ಒಂದು ಮಾತನ್ನೇ ಹಿಡಿದುಕೊಂಡು ಬದುಕಿದ್ದಳು.

ಹೆಡ್‌ಫೋನ್ ಹಾಕಿಕೊಂಡಳು. ಒತ್ತಿದಳು. ಸಿಳ್ಳೆ ಇತ್ತು. ಎಷ್ಟು ಸ್ಪಷ್ಟವಾಗಿತ್ತೆಂದರೆ ಇಷ್ಟು ವರ್ಷ ಅದನ್ನು ಕೇಳದೆ ಇದ್ದದ್ದು ಹೇಗೆಂದು ತಿಳಿಯದೆ ಅವಳು ಮತ್ತೆ ಮತ್ತೆ ಒತ್ತಿದಳು. ಆಮೇಲೆ ಹೆಡ್‌ಫೋನ್ ತೆಗೆದಿಟ್ಟರೂ ಅದು ನಿಲ್ಲಲಿಲ್ಲ. ಹನ್ನೊಂದು ಮೇಜುಗಳಿಂದಲೂ ಬರುತ್ತಿತ್ತು.

ಮನೆಗೆ ಹೋಗಿ ಅತ್ತೆಗೆ ಹೇಳದೆ ಇರಬಹುದಿತ್ತು. ಎಂಬತ್ತರ ಹತ್ತಿರದ ಜೀವಕ್ಕೆ ಇದನ್ನೂ ಹೊರಿಸಬೇಕೇ ಎಂದು ದಾರಿಯುದ್ದಕ್ಕೂ ಅಂದುಕೊಂಡಳು. ಆದರೆ ಬಾಗಿಲಿಂದಲೇ ಕಂಪ್ಯೂಟರಿನ ಮುಂದೆ ಕೂತಿದ್ದ ಅತ್ತೆಯ ಮುಖ ನೋಡಿದೊಡನೆ ಅವಳ ಗಟ್ಟಿತನವೆಲ್ಲ ಕರಗಿತು.

“ನನ್ನಿಂದ ಹೋದ್ರು ಅತ್ತೆ,” ಎಂದಳು. ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಮೂಟೆ, ನರ್ಸು, ತಾರೀಕು.

ಅತ್ತೆ ಸೆರಗಿನ ತುದಿಯಿಂದ ಕೀಬೋರ್ಡಿನ ಮೇಲಿನ ಧೂಳು ಒರೆಸಿದರು, ಒರೆಸಿದ್ದನ್ನೇ ಒರೆಸಿದರು. ಬೈದುಬಿಡಲಿ ಎಂದು ಅವಳು ಕಾದಳು.

“ನಾನು ಹೆತ್ತೋಳು,” ಎಂದರು ಕೊನೆಗೆ. “ಗೋಡೆ ಆಚೆ ಮಲಗಿ ದಿನಾ ಬೆಳಿಗ್ಗೆ ಅದೇ ಕೆಮ್ಮು ಕೇಳ್ತಿದ್ದೆ. ಚಿಕ್ಕಂದಿನಿಂದ್ಲೂ ಅವನಿಗೆ ಥಂಡಿ ಆಗಿಬರಲ್ಲ, ಅದಕ್ಕೇ ಅಂದ್ಕೊಂಡೆ. ಆ ಪುಣ್ಯಾತ್ಗಿತ್ತಿ ಅವನ ಮುಖಾನೂ ನೋಡಿಲ್ಲ, ಅವಳಿಗೆ ಕೇಳಿಸ್ತು. ನಮ್ಮಿಬ್ಬರ ಕಿವಿಗೆ ಏನು ಬಡಿದಿತ್ತು?”

ಅವಳು ನೆಲದ ಮೇಲೆ, ಅತ್ತೆಯ ಕಾಲಬಳಿ ಕೂತಳು. ಅತ್ತೆ ಅವಳ ತಲೆಯ ಮೇಲೆ ಕೈಯಿಡಲಿಲ್ಲ, ತಳ್ಳಲೂ ಇಲ್ಲ. ಅಷ್ಟರಲ್ಲಿ ಯಾರೂ ಒತ್ತದೆಯೇ ಕಂಪ್ಯೂಟರಿನ ತೆರೆ ತಾನಾಗಿ ಆರಿ ಕಪ್ಪಾಯಿತು.

“ದನಿ ಇರ್ಲಿ,” ಎಂದರು ಅತ್ತೆ. “ಕೆಮ್ಮು ತೆಗೆಸು. ಬದುಕಿದ್ದಾಗ ನಾವು ತೆಗೆಸ್ಲಿಲ್ಲ. ಈಗ ಅಷ್ಟಾದ್ರೂ ಮಾಡೇ ಅವನಿಗೆ.”

ಶುಕ್ರವಾರ ಅವಳು ಯಜಮಾನರಿಗೆ ಅದನ್ನೇ ಹೇಳಿದಳು. ಅವರು ತಲೆಯಾಡಿಸಿದರು, ಯಾಕೆಂದು ಕೇಳಲಿಲ್ಲ. ಗಂಡನ ಜಾಗಕ್ಕೆ ಬಂದಿದ್ದ ಸೌಂಡಿನ ಹುಡುಗಿ ‘ಸದ್ಯಕ್ಕೆ’ ಎಂಬ ಹೆಸರಿನ ಕಡತ ತೆರೆದಳು. ತೆರೆಯ ಮೇಲೆ ಅವನ ದನಿ ಗೆರೆಗೆರೆಯಾಗಿ ಹರಡಿಕೊಂಡಿತು. ಮಾತು ಎಲ್ಲಿ ಮುಗಿಯಿತು, ಕೆಮ್ಮು ಎಲ್ಲಿ ಶುರುವಾಯಿತು ಎಂದು ಬರಿಗಣ್ಣಿಗೇ ಕಾಣುತ್ತಿತ್ತು. ಹುಡುಗಿ ಅಷ್ಟು ಭಾಗವನ್ನು ಗುರುತು ಮಾಡಿ ಕತ್ತರಿಸಿದಳು.

“ಇಷ್ಟೇನಾ ಅಕ್ಕ? ಇದಕ್ಕಾ ನಾಲ್ಕು ವರ್ಷ ಕಾದಿದ್ದು?” ಎಂದಳು ಹುಡುಗಿ, ಪಾಪ, ಏನೂ ಗೊತ್ತಿಲ್ಲದೆ.

“ಇಷ್ಟೇ,” ಎಂದಳು ಅವಳು.

ಹೊಸ ಆವೃತ್ತಿ ಜನರ ಕೈಗೆ ಹೋದ ವಾರ ಅಭಿಪ್ರಾಯಗಳ ಮಳೆಯೇ ಸುರಿಯಿತು. ಡ್ರ್ಯಾಗನ್ ಅಂತೂ ಹಾರಿತೆಂದು ಹಲವರು, ಅತಿಯಾಗಿ ಹಾರುತ್ತಿದೆಯೆಂದು ಇನ್ನು ಹಲವರು. ಮೂಟೆ ಕಟ್ಟುವುದನ್ನು ಬಿಟ್ಟಿದ್ದರಿಂದ ಅವಳಿಗೆ ತಲೆ ಎತ್ತಲು ಬಿಡುವಿರಲಿಲ್ಲ. ಕೆಮ್ಮು ಎಲ್ಲಿ ಹೋಯಿತು, ವಾಪಸ್ ಕೊಡಿ ಎಂದು ಜಗಳಕ್ಕೇ ಬಂದವರಿದ್ದರು. ಅವಳು ಒಂದೊಂದನ್ನೂ ಓದಿ ಒಂದೊಂದಕ್ಕೂ ಉತ್ತರ ಬರೆಯುತ್ತಿದ್ದಳು, ಕೆಳಗೆ ಎಂದಿನಂತೆ ‘ಒಂಬತ್ತು ಕಣಿವೆ ಬಳಗ’ ಎಂದು ಸಹಿ ಹಾಕುತ್ತಿದ್ದಳು.

ಐದನೆಯ ದಿನ ಗೂಬೆಮರಿ ಬರೆದರು.

“ನಾಲ್ಕು ವರ್ಷದ ಹಿಂದೆ ನಿಮಗೊಂದು ಬರೆದಿದ್ದೆ, ನೆನಪಿದೆಯೋ ಇಲ್ಲವೋ. ಈಗ ದೀಪದವನ ಕೆಮ್ಮು ನಿಂತಿದೆ. ದನಿ ಮಾತ್ರ ಅದೇ, ನನಗೆ ಗುರುತು ಸಿಕ್ತು. ನಿಜ ಹೇಳ್ತೀನಿ, ಕೇಳಿ ಕಣ್ಣಲ್ಲಿ ನೀರು ಬಂತು. ಅಂತೂ ನನ್ನ ಮಾತು ಅವರಿಗೆ ಮುಟ್ಟಿಸಿದ್ರಲ್ಲ, ದೊಡ್ಡ ಉಪಕಾರ. ಅವರು ಈಗ ಹೇಗಿದ್ದಾರೆ?”

ಊಟದ ಹೊತ್ತಾಗಿತ್ತು. ಕುರ್ಚಿಗಳು ಸರಿಯುತ್ತಿದ್ದವು, ಡಬ್ಬಿಗಳ ಸದ್ದಾಗುತ್ತಿತ್ತು. ಸೌಂಡಿನ ಹುಡುಗಿ ಬಾಗಿಲಲ್ಲಿ ನಿಂತು, “ಬರಲ್ವಾ ಅಕ್ಕ?” ಎಂದಳು.

“ನೀವು ಶುರು ಮಾಡಿ. ಒಂದು ಉತ್ತರ ಬರೀಬೇಕು.”

ಎಲ್ಲರೂ ಹೋದರು. ಅವಳು ಕೀಬೋರ್ಡನ್ನು ಹತ್ತಿರ ಎಳೆದುಕೊಂಡು ‘ನಮಸ್ಕಾರ’ ಎಂದು ಬರೆದಳು. ಆಮೇಲೆ, ‘ನಾನು ಅವರ ಹೆಂಡತಿ’ ಎಂದು ಬರೆದಳು. ಅಷ್ಟು ಬರೆದು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಹನ್ನೊಂದು ಮೇಜುಗಳೂ ಆಗ ಖಾಲಿಯಿದ್ದವು, ಎಲ್ಲಿಂದಲೂ ಸದ್ದಿರಲಿಲ್ಲ.